ಪಾದ್ರಿ ಕೆಲಸ ಹಾಪ್ಕಿನ್ಸ್ ಒಳಗಿನ ಕವಿಯನ್ನು ಕೊಂದಿತೇ?

ಪ್ರಶ್ನೆ: ನಾನು ಇಂಗ್ಲಿಷ್ ಎಂ.ಎ. ಓದುತ್ತಿದ್ದೇನೆ. ಕವಿ ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್ ಪಾದ್ರಿಯಾಗಲು ಹೊರಟಾಗ ತಮ್ಮ ಕವಿತೆಗಳನ್ನು ಸುಟ್ಟರಂತೆ. ಧರ್ಮದ ಕೆಲಸ ಅವರೊಳಗಿನ ಕವಿಯನ್ನು ಹಾಳುಮಾಡಿತು ಅಂತಲೇ ಹೇಳಬೇಕಲ್ವಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಸುಟ್ಟಿದ್ದು ನಿಜ. 1868ರಲ್ಲಿ, ಜೆಸ್ವಿಟ್ ಸಭೆ ಎಂಬ ಕ್ಯಾಥೊಲಿಕ್ ಪಾದ್ರಿಗಳ ಸಂಘ ಸೇರುವ ಮುಂಚೆ. ಕವಿತೆ ತಮ್ಮ ವೃತ್ತಿಗೆ ಹೊಂದುವುದಿಲ್ಲ, ಹಿರಿಯರು ಬಯಸಿದರೆ ಮಾತ್ರ ಬರೆಯುವುದು ಎಂದು ಅವರೇ ತೀರ್ಮಾನಿಸಿಕೊಂಡರು. ಒಂದೆರಡು ಸಣ್ಣಪುಟ್ಟ ಪದ್ಯ ಬಿಟ್ಟರೆ ಏಳು ವರ್ಷ ಏನೂ ಬರೆಯಲಿಲ್ಲ.

ಮತ್ತೆ ಬರೆಯುವಂತಾದದ್ದೂ ಸಭೆಯ ಒಳಗೇ. 1875ರ ಡಿಸೆಂಬರ್‌ನಲ್ಲಿ ‘ಡಾಯ್ಚ್‌ಲಾಂಡ್’ ಹಡಗು ಇಂಗ್ಲೆಂಡ್ ಕರಾವಳಿಯ ಮರಳ ದಿಬ್ಬಕ್ಕೆ ಸಿಕ್ಕಿ ಮುಳುಗಿತು. ಜರ್ಮನಿಯ ಹೊಸ ಕಾನೂನುಗಳಿಂದ ದೇಶ ಬಿಡಬೇಕಾಗಿ ಬಂದಿದ್ದ ಐವರು ಕನ್ಯಾಸ್ತ್ರೀಯರು ಅದರಲ್ಲಿ ತೀರಿಕೊಂಡರು. ಆಗ ವೇಲ್ಸ್‌ನಲ್ಲಿ ಓದುತ್ತಿದ್ದ ಹಾಪ್ಕಿನ್ಸ್‌ಗೆ ಈ ಸುದ್ದಿ ತುಂಬ ನಾಟಿತು. ಇದರ ಮೇಲೆ ಯಾರಾದರೂ ಕವಿತೆ ಬರೆದರೆ ಚೆನ್ನಾಗಿತ್ತು ಎಂದರು ಅಲ್ಲಿನ ಕಾಲೇಜಿನ ಮುಖ್ಯಸ್ಥರಾದ ರೆಕ್ಟರ್. ಅಷ್ಟೇ ಸಾಕಾಯಿತು. 35 ಚರಣಗಳ ಕವಿತೆ ಬಂತು. ಆದರೆ ಜೆಸ್ವಿಟ್ ಪತ್ರಿಕೆಯೇ ಅದನ್ನು ಅಚ್ಚುಹಾಕಲಿಲ್ಲ. ನನಗೆ ನಿಜವಾಗಿ ಬೇಸರವಾಗುವುದು ಸುಟ್ಟದ್ದಕ್ಕಲ್ಲ, ಇದಕ್ಕೆ.

ಇನ್ನು ಪಾದ್ರಿ ಕೆಲಸದಿಂದಲೇ ಹುಟ್ಟಿದ ಕವಿತೆ ಬೇಕೆಂದರೆ, ಲಿವರ್‌ಪೂಲ್‌ನಲ್ಲಿದ್ದಾಗ 1880ರಲ್ಲಿ ಬರೆದ ‘ಫೆಲಿಕ್ಸ್ ರ‍್ಯಾಂಡಲ್’ ಓದಿ. ಕುದುರೆಗೆ ಲಾಳ ಹೊಡೆಯುವ ಕಟ್ಟುಮಸ್ತಾದ ಆಳು ಕಾಯಿಲೆ ಬಿದ್ದು ಸತ್ತಿದ್ದಾನೆ. ಮೊದಮೊದಲು ಶಾಪ ಹಾಕುತ್ತಿದ್ದ. ಪಾದ್ರಿ ಪವಿತ್ರ ತೈಲ ಹಚ್ಚಿದ ಮೇಲೆ ಸಮಾಧಾನಕ್ಕೆ ಬಂದ. ಪಾದ್ರಿ ಅವನ ಕಣ್ಣೀರು ಒರೆಸಿದ್ದಾರೆ, ಆ ಕಣ್ಣೀರು ಅವರ ಎದೆಗೂ ತಟ್ಟಿದೆ. ಕೊನೆಯ ಸಾಲುಗಳಲ್ಲಿ ಅವನು ಮತ್ತೆ ಕುಲುಮೆಯ ಮುಂದೆ ನಿಂತು ದೊಡ್ಡ ಬೂದು ಬಣ್ಣದ ಬಂಡಿ ಕುದುರೆಗೆ ಲಾಳ ಮಾಡುತ್ತಾನೆ. ರೋಗಿಗಳ ಹಾಸಿಗೆ ಪಕ್ಕ ಕೂತು ಅಭ್ಯಾಸವಿಲ್ಲದವರು ಈ ಕವಿತೆ ಬರೆಯುವುದು ಕಷ್ಟ.

ಹಾಪ್ಕಿನ್ಸ್ ಹೈರಾಣಾದದ್ದು ಜಾಸ್ತಿ ಮೇಷ್ಟ್ರ ಕೆಲಸದಲ್ಲಿ. 1884ರಿಂದ ಡಬ್ಲಿನ್‌ನಲ್ಲಿ ಗ್ರೀಕ್ ಪ್ರಾಧ್ಯಾಪಕರಾಗಿ ನೂರಾರು ಉತ್ತರಪತ್ರಿಕೆ ತಿದ್ದಿ ತಿದ್ದಿ ಸೋತರು. 1889ರಲ್ಲಿ ಟೈಫಾಯ್ಡ್‌ನಿಂದ ತೀರಿಕೊಂಡಾಗ ವಯಸ್ಸು 44. ಕವಿತೆಗಳು ಪುಸ್ತಕವಾದದ್ದು 1918ರಲ್ಲಿ, ಗೆಳೆಯ ರಾಬರ್ಟ್ ಬ್ರಿಡ್ಜಸ್ ಅವರಿಂದ.

ಗೆಳೆಯರ ಹತ್ತಿರ ಪ್ರತಿಗಳಿದ್ದುದರಿಂದ ಹಳೆಯ ಕವಿತೆಗಳೂ ಕೆಲವು ಉಳಿದಿವೆ. ಅವನ್ನೂ 1875ರ ನಂತರದವನ್ನೂ ಅಕ್ಕಪಕ್ಕ ಇಟ್ಟು ಓದಿ ನೋಡಿ. ಪಾದ್ರಿಯಾದ ಮೇಲಿನವೇ ಎಷ್ಟೋ ಗಟ್ಟಿ.