ಮೊದಲು ಚೌಕಟ್ಟು, ಆಮೇಲೆ ಚಿತ್ರ: ಗ್ರ್ಯಾಂಡ್‌ಮಾ ಮೋಸೆಸ್ ಕ್ರಮ

ಪ್ರಶ್ನೆ: ಅಮೆರಿಕದ ಗ್ರ್ಯಾಂಡ್‌ಮಾ ಮೋಸೆಸ್ ಯಾರ ಹತ್ತಿರವೂ ಕಲಿಯದೆ 78ರ ಹೊತ್ತಿಗೆ ಚಿತ್ರ ಬಿಡಿಸಲು ಶುರು ಮಾಡಿದರಂತೆ, ಅದೂ ಹಾರ್ಡ್‌ಬೋರ್ಡ್ ಮೇಲೆ. ನಾನೂ ಹಾಗೇ ತೈಲವರ್ಣ ಮಾಡಬಹುದೇ? ಹಿಂದೆ ಮಾಡಿದ ಬೋರ್ಡ್ ಮಳೆಗಾಲದಲ್ಲಿ ಬಿಲ್ಲಿನಂತೆ ಬಾಗಿತು.

ಉತ್ತರ: 78ರ ಕಥೆ ಅರ್ಧ ನಿಜ. 1860ರಲ್ಲಿ ನ್ಯೂಯಾರ್ಕ್ ರಾಜ್ಯದ ಗ್ರೀನಿಚ್‌ನಲ್ಲಿ ಹುಟ್ಟಿದ ಅನ್ನಾ ಮೇರಿ ಮೋಸೆಸ್ 1918ರಲ್ಲೇ ಮನೆಯ ಅಗ್ಗಿಷ್ಟಿಕೆಯ ಮುಚ್ಚಳದ ಹಲಗೆಗೆ ಬಣ್ಣದಲ್ಲಿ ಚಿತ್ರ ಬರೆದಿದ್ದರು. ಆಮೇಲೆ ವರ್ಷಗಟ್ಟಲೆ ಉಣ್ಣೆ ದಾರದಲ್ಲಿ ಕಸೂತಿ ಚಿತ್ರಗಳು. ಸಂಧಿವಾತದಿಂದ ಸೂಜಿ ಹಿಡಿಯುವುದು ಕಷ್ಟವಾದಾಗ ತಂಗಿಯ ಸಲಹೆಯಂತೆ ಕುಂಚ ಹಿಡಿದರು. ಅವರ ಮರಗಳನ್ನು ಹತ್ತಿರದಿಂದ ನೋಡಿ: ಎಲೆಗಳು ಹೊಲಿಗೆಯಂತೆ ಚುಕ್ಕೆ ಪಕ್ಕ ಚುಕ್ಕೆಯಾಗಿ ಕೂತಿವೆ. ಕೈ ಮೊದಲೇ ಪಳಗಿತ್ತು.

ಊರ ಜಾತ್ರೆಯ ಪ್ರದರ್ಶನಕ್ಕೆ ಜಾಮ್ ಮತ್ತು ಚಿತ್ರ ಎರಡನ್ನೂ ಕಳಿಸಿದಾಗ ಬಹುಮಾನ ಬಂದದ್ದು ಜಾಮ್‌ಗೆ! 1938ರಲ್ಲಿ ಹೂಸಿಕ್ ಫಾಲ್ಸ್‌ನ ಔಷಧಿ ಅಂಗಡಿಯ ಕಿಟಕಿಯಲ್ಲಿದ್ದ ಚಿತ್ರಗಳನ್ನು ಸಂಗ್ರಾಹಕ ಲೂಯಿ ಕಾಲ್ಡೋರ್ ಕಂಡು ಕೊಂಡರು. ಆಗ ಬೆಲೆ 3ರಿಂದ 5 ಡಾಲರ್. 1940ರಲ್ಲಿ ಆಟೋ ಕಾಲಿರ್ ಅವರ ನ್ಯೂಯಾರ್ಕ್ ಗ್ಯಾಲರಿಯಲ್ಲಿ ಮೊದಲ ಏಕವ್ಯಕ್ತಿ ಪ್ರದರ್ಶನ. 1961ರಲ್ಲಿ, 101ನೇ ವಯಸ್ಸಿನಲ್ಲಿ ತೀರಿಕೊಳ್ಳುವ ಹೊತ್ತಿಗೆ 1,500ಕ್ಕೂ ಹೆಚ್ಚು ಚಿತ್ರಗಳಾಗಿದ್ದವು.

ಈಗ ಹಲಗೆ. ಮೋಸೆಸ್ ಮೊದಲು ಚೌಕಟ್ಟು ಹುಡುಕಿ, ಅದಕ್ಕೆ ಸರಿಯಾಗಿ ಬೋರ್ಡ್ ಕೊಯ್ಯುತ್ತಿದ್ದರು. ಅಗಸೆ ಎಣ್ಣೆ ಸವರಿ, ಮೇಲೆ ಹೊಳಪಿಲ್ಲದ ಬಿಳಿ ಬಣ್ಣ ಮೂರು ಕೋಟ್. ಆಮೇಲೆ ಆಕಾಶ, ಗುಡ್ಡ, ನೆಲ, ಕೊನೆಗೆ ಮನೆ, ದನ, ಜನ. ಚಿತ್ರ ನಿಲ್ಲಿಸುವ ಈಸೆಲ್ ಸ್ಟ್ಯಾಂಡ್ ಇಲ್ಲ, ಮೇಜಿನ ಮೇಲೆ ಮಲಗಿಸಿಯೇ ಕೆಲಸ. ಕಲಸಿದ ಬಣ್ಣ ಹಾಳಾಗದಿರಲೆಂದು ಮೂರು ನಾಲ್ಕು ಚಿತ್ರಗಳನ್ನು ಒಟ್ಟಿಗೇ ಮಾಡುತ್ತಿದ್ದರು. ಈ ಮಿತವ್ಯಯವನ್ನು ಕದಿಯುವುದರಲ್ಲಿ ತಪ್ಪಿಲ್ಲ.

ನಿಮ್ಮ ಬೋರ್ಡ್ ಬಾಗಲು ಕಾರಣ ಬಹುಶಃ ಬರಿಯ ಬೆನ್ನು. ಮುಂದೆ ಬಣ್ಣ ಮುಚ್ಚಿದೆ, ಹಿಂದಿನ ಒರಟು ಮುಖ ತೇವ ಹೀರಿ ಉಬ್ಬುತ್ತದೆ, ಚಿತ್ರದ ಮುಖ ಒಳಗೆ ಹೋಗುತ್ತದೆ. 12x16 ಇಂಚಿನವರೆಗೆ 3 ಮಿ.ಮೀ. ದಪ್ಪದ ಬೋರ್ಡ್ ಸಾಕು, ಅದಕ್ಕಿಂತ ದೊಡ್ಡದಾದರೆ ಹಿಂದೆ ರೀಪರ್ ಪಟ್ಟಿ ಕೂರಿಸಿ. ನಯವಾದ ಮುಖವನ್ನು 220 ನಂಬರ್ ಉಪ್ಪು ಕಾಗದದಿಂದ ಹಗುರವಾಗಿ ಉಜ್ಜಿ, ದೂಳು ಒರೆಸಿ, ಅಕ್ರಿಲಿಕ್ ಜೆಸ್ಸೋ (ಚಿತ್ರಕ್ಕೆ ಮೊದಲು ಬಳಿಯುವ ಬಿಳಿ ಅಸ್ತರಿ ಬಣ್ಣ) ತೆಳುವಾಗಿ ಮೂರು ಕೋಟ್ ಕೊಡಿ. ಒಂದು ಕೋಟ್ ಅಡ್ಡ, ಮುಂದಿನದು ಉದ್ದ, ನಡುವೆ ಪೂರ್ತಿ ಒಣಗಬೇಕು. ಬೆನ್ನಿಗೂ ಎರಡು ಕೋಟ್. ನಾಲ್ಕು ಅಂಚುಗಳನ್ನು ಮರೆಯಬೇಡಿ, ನೀರು ಮೊದಲು ನುಗ್ಗುವುದೇ ಅಲ್ಲಿ.

ಜೆಸ್ಸೋ ಬಳಸುವುದಾದರೆ ಮೋಸೆಸ್ ಅವರ ಅಗಸೆ ಎಣ್ಣೆ ಬೇಡವೇ ಬೇಡ. ಎಣ್ಣೆ ಕುಡಿದ ಹಲಗೆಗೆ ಅಕ್ರಿಲಿಕ್ ಕಚ್ಚುವುದಿಲ್ಲ, ಪದರ ಪದರವಾಗಿ ಎದ್ದು ಬರುತ್ತದೆ. ಗೋಡೆಯ ಡಿಸ್ಟೆಂಪರ್ ಕೂಡ ಬೇಡ, ಪುಡಿ ಬಿಡುತ್ತದೆ. ಆಕಾಶಕ್ಕೆ ಟರ್ಪೆಂಟೈನ್ ಬೆರೆಸಿದ ತೆಳು ಬಣ್ಣ ಹಾಕಿ, ಮೇಲಿನ ಪದರಗಳಿಗೆ ಎಣ್ಣೆ ಹೆಚ್ಚಿಸುತ್ತಾ ಹೋಗಿ. ಉಲ್ಟಾ ಮಾಡಿದರೆ ಬಿರುಕು ಖಂಡಿತ. ವಾರ್ನಿಷ್ ಆರು ತಿಂಗಳ ನಂತರ.