ಪ್ರತಿಕ್ರಿಯೆ: ಜಾಬ್‌ವರ್ಕ್ ಚಲನ್‌ಗೆ ಲೋ-ಕೋಡ್ ಸಾಕೇ?

ಪುಣೆ ಬಳಿಯ ಭೋಸರಿಯ ನಿಮ್ಮ ಕಾರ್ಖಾನೆಯ ಗೇಟ್ ಪಾಸ್ ಮತ್ತು ಜಾಬ್‌ವರ್ಕ್ ಚಲನ್‌ಗಳನ್ನು (ಹೊರಗಿನವರಿಗೆ ಕೆಲಸಕ್ಕೆ ಕೊಡುವ ಮಾಲಿನ ಚೀಟಿಗಳನ್ನು) ಲೋ-ಕೋಡ್ ವೇದಿಕೆಯಲ್ಲಿ, ಅಂದರೆ ಕೋಡ್ ಹೆಚ್ಚು ಬರೆಯದೆ ಸಿದ್ಧ ಪೆಟ್ಟಿಗೆ ಜೋಡಿಸಿ ಆಪ್ ಕಟ್ಟುವ ಕಡೆ, ಮಾಡುವುದೋ, ಪ್ರೋಗ್ರಾಮರ್‌ಗೆ ಒಪ್ಪಿಸುವುದೋ ಎಂದು ಕೇಳಿದ್ದೀರಿ. ಮೂವತ್ತು ಜನ ಬಳಸುತ್ತಾರೆ ಎಂದಿದ್ದೀರಲ್ಲ, ನನಗೆ ಕಣ್ಣಿಗೆ ಬಿದ್ದದ್ದು ಅದೇ. ಆಪ್‌ಶೀಟ್, ಪವರ್ ಆಪ್ಸ್‌ನಂಥ ಲೋ-ಕೋಡ್ ವೇದಿಕೆಗಳು ಸಾಮಾನ್ಯವಾಗಿ ತಲೆಗಿಷ್ಟು, ತಿಂಗಳಿಗಿಷ್ಟು ಎಂದು ಶುಲ್ಕ ಕೇಳುತ್ತವೆ. ಗೇಟಿನಲ್ಲಿ ದಿನಕ್ಕೆರಡು ಬಾರಿ ಗುಂಡಿ ಒತ್ತುವ ಕಾವಲುಗಾರನೂ ಒಂದು ತಲೆಯೇ. ಐದು ವರ್ಷದ ಲೆಕ್ಕ ಹಾಕಿ ನೋಡಿ.

ಫಾರಂ, ಫೋಟೊ, ಮಂಜೂರಾತಿ ಇವೆಲ್ಲ ಬೇಗ ಆಗುತ್ತವೆ, ಆ ಮಾತು ಸುಳ್ಳಲ್ಲ. ಕಗ್ಗಂಟಾಗುವುದು ಹೊರಗೆ ಹೋಗಿ ಮರಳದ ಮಾಲಿನ ಬಾಕಿಯ ಲೆಕ್ಕ. 500 ನಗ ಪ್ಲೇಟಿಂಗಿಗೆ (ಲೋಹದ ಲೇಪಕ್ಕೆ) ಹೋಯಿತು, ಎರಡು ಕಂತಿನಲ್ಲಿ 480 ಬಂತು, 12 ತಿರಸ್ಕೃತ. ಉಳಿದ 8 ಯಾವ ಚಲನ್‌ನದು? ಜಿಎಸ್‌ಟಿ ಪ್ರಕಾರ ಜಾಬ್‌ವರ್ಕ್‌ಗೆ ಹೋದ ಕಚ್ಚಾಮಾಲು ಒಂದು ವರ್ಷದೊಳಗೆ ಮರಳಬೇಕು, ಇಲ್ಲವಾದರೆ ಕಳುಹಿಸಿದ ದಿನವೇ ಪೂರೈಕೆಯಾದಂತೆ ಎಣಿಸಿ ತೆರಿಗೆ ಬೀಳುತ್ತದೆ. ಇದನ್ನೆಲ್ಲ ಸಿದ್ಧ ಪೆಟ್ಟಿಗೆಗಳನ್ನು ಜೋಡಿಸಿಯೇ ಕಟ್ಟಲು ಹೊರಟರೆ ಕೊನೆಗೆ ಪ್ರೋಗ್ರಾಮರ್ ಬೇಕೇ ಬೇಕು, ಅದೂ ಆ ವೇದಿಕೆಯನ್ನೇ ಬಲ್ಲವರು.

ವೇದಿಕೆ ಬಿಟ್ಟು ಹೊರಡುವಾಗಿನ ಪಾಡನ್ನೂ ಈಗಲೇ ಕೇಳಿಕೊಳ್ಳಿ. ಆಪ್‌ಶೀಟ್‌ನಲ್ಲಿ ದತ್ತಾಂಶ ನಿಮ್ಮ ಸ್ಪ್ರೆಡ್‌ಶೀಟಿನಲ್ಲೇ ಇರುತ್ತದೆ. ಕಟ್ಟಿದ ಪರದೆಗಳು, ನಿಯಮಗಳು ಬೇರೆಡೆಗೆ ಬರುವುದಿಲ್ಲ.

ನಾನಾಗಿದ್ದರೆ ಗೇಟ್ ಪಾಸ್ ಮಾತ್ರ ಆಪ್‌ಶೀಟ್‌ಗೆ ಕೊಟ್ಟು, ಚಲನ್‌ಗೆ ನಿಮ್ಮ ಪಕ್ಕದ ಮುಂಬೈಯವರದೇ ಆದ ಇಆರ್‌ಪಿನೆಕ್ಸ್ಟ್ ಎಂಬ ವ್ಯವಹಾರ ನಿರ್ವಹಣೆಯ ತಂತ್ರಾಂಶ ನೋಡುತ್ತಿದ್ದೆ. ಅದು ಮುಕ್ತ ತಂತ್ರಾಂಶ, ಸ್ವಂತ ಸರ್ವರ್‌ನಲ್ಲಿಟ್ಟರೆ ತಲೆ ಎಣಿಕೆಯ ಶುಲ್ಕವಿಲ್ಲ, ಹೊರಗೆ ಕೊಟ್ಟ ಕೆಲಸದ ವಿಭಾಗವೂ ಅದರಲ್ಲಿದೆ. ಬ್ಯಾಕಪ್ ನೋಡಿಕೊಳ್ಳಲು ಒಬ್ಬರಿಗೆ ಸಂಬಳ ಕೊಡಬೇಕಾದೀತು, ಅದನ್ನೂ ಲೆಕ್ಕಕ್ಕೆ ಸೇರಿಸಿ.