ಮಕ್ಕಳ ಜೊತೆ ನೋಡುವ ಮಾಯಾಲೋಕದ ಸಿನಿಮಾಗಳಲ್ಲಿ ಕಥೆ ಯಾಕೆ ಸೊರಗುತ್ತದೆ? ಹಾಡು ಜಾಸ್ತಿ ಆಗಿದ್ದಕ್ಕಾ?

ಹಾಡಿನ ಮೇಲೆ ತಪ್ಪು ಹೊರಿಸಬೇಡಿ. ಮಾಯಾಲೋಕದಲ್ಲಿ ನಡೆದದ್ದು ಮನೆಯ ಕಷ್ಟಕ್ಕೆ ತಾಗದೇ ಹೋದರೆ ಕಥೆ ಸೊರಗುತ್ತದೆ. ನನಗೆ ತುಂಬಾ ಇಷ್ಟವಾದ 1968ರ 'ಚಿಟ್ಟಿ ಚಿಟ್ಟಿ ಬ್ಯಾಂಗ್ ಬ್ಯಾಂಗ್'ನಲ್ಲೇ ಇದು ಎದ್ದು ಕಾಣುತ್ತದೆ.

ಶುರು ಚೆನ್ನಾಗಿದೆ. ಪಾಟ್ಸ್ ಏನೇನೋ ಯಂತ್ರ ಮಾಡುತ್ತಾನೆ, ಕೈಯಲ್ಲಿ ಕಾಸಿಲ್ಲ. ತಾಯಿ ಇಲ್ಲದ ಇಬ್ಬರು ಮಕ್ಕಳು, ಅವರಿಗೆ ಗುಜರಿಯಲ್ಲಿ ಬಿದ್ದ ಹಳೇ ಕಾರಿನ ಮೇಲೆ ಪ್ರಾಣ. ಮಿಠಾಯಿ ಕಾರ್ಖಾನೆ ಸಾಹುಕಾರನ ಮಗಳು ಟ್ರೂಲಿ ಇವರಿಗೆ ಹತ್ತಿರವಾಗುತ್ತಾಳೆ. ಆಮೇಲೆ ಸಮುದ್ರದ ದಂಡೆಯಲ್ಲಿ ಕೂತು ಅಪ್ಪ ಒಂದು ಕಥೆ ಹೇಳುತ್ತಾನೆ. ಹಾರುವ ಕಾರು, ಮಕ್ಕಳೇ ಇರಬಾರದು ಅನ್ನೋ ವಲ್ಗೇರಿಯಾ ದೇಶ, ಎಲ್ಲ ಆ ಕಥೆಯೊಳಗಿನದು.

ತಂಗಿ ಮಗಳ ಜೊತೆ ನೋಡುತ್ತಿದ್ದೆ. ಮಿಠಾಯಿ ಆಸೆ ತೋರಿಸಿ ಮಕ್ಕಳನ್ನು ಹಿಡಿಯುವ ಉದ್ದ ಮೂಗಿನವನು ಬಂದಾಗ ದಿಂಬಿನ ಹಿಂದೆ ಅವಿತುಕೊಂಡಳು. ಸ್ವಲ್ಪ ಹೊತ್ತಿಗೆ ಇಣುಕಿ, "ಮಾಮಾ, ಇದು ಅವರಪ್ಪ ಹೇಳ್ತಿರೋ ಕಥೆ ತಾನೇ? ಅವರು ಬೀಚಲ್ಲೇ ಇದ್ದಾರೆ ಅಲ್ವಾ?" ಅಂದಳು. ಹೌದು ಅಂದೆ. ದಿಂಬು ಪಕ್ಕಕ್ಕೆ ಹೋಯಿತು, ಭಯವೂ ಹೋಯಿತು.

ಇದಕ್ಕಿಂತ ದೊಡ್ಡ ತೊಂದರೆ ಕೊನೆಯಲ್ಲಿದೆ. ಕಥೆ ಮುಗಿದರೂ ಪಾಟ್ಸ್ ಅದೇ ಬಡವ, ಟ್ರೂಲಿ ಎದುರು ಅದೇ ಸಂಕೋಚ. ಮನೆಗೆ ಬಂದರೆ ಅವಳ ಅಪ್ಪ ಕಾದಿರುತ್ತಾನೆ. ಪಾಟ್ಸ್ ಮೊದಲೇ ಮಾಡಿದ್ದ ಪೀಪಿ ಮಿಠಾಯಿಯನ್ನು ನಾಯಿಗಳ ತಿಂಡಿಯಾಗಿ ಮಾರೋಣ ಅನ್ನುತ್ತಾನೆ. ಬಡತನ ತೀರಿತು! ವಲ್ಗೇರಿಯಾದಲ್ಲಿ ಪಟ್ಟ ಪಾಡಿಗೂ ಇದಕ್ಕೂ ಸಂಬಂಧವೇ ಇಲ್ಲ. ಹೆಚ್ಚುಕಮ್ಮಿ ಅರ್ಧ ಸಿನಿಮಾ ತೆಗೆದುಹಾಕಿದರೂ ಈ ಕೊನೆ ಹಾಗೇ ಇರುತ್ತದೆ. ಕೊನೆಯ ದೃಶ್ಯದಲ್ಲಿ ಕಾರು ನಿಜಕ್ಕೂ ಹಾರುವುದನ್ನು ಬಿಟ್ಟರೆ ಒಂದೇ ಒಂದು ಎಳೆ ಹೊರಗೆ ಬರುತ್ತದೆ: ಅಪ್ಪನಿಗೂ ಟ್ರೂಲಿಗೂ ಮದುವೆ ಆಯಿತು ಅಂತ ಮಕ್ಕಳೇ ಕಥೆಯನ್ನು ಮುಗಿಸುತ್ತಾರೆ, ಅಪ್ಪನಿಗೆ ಮುಜುಗರವಾಗುತ್ತದೆ. ಆ ಎಳೆಯನ್ನೇ ಹಿಡಿದು ಎಳೆಯಬೇಕಿತ್ತು.

ಕಥೆಯೊಳಗೆ ಕಥೆ ಇಟ್ಟಿದ್ದೇ ತಪ್ಪು ಅಂತಲ್ಲ. 1939ರ 'ದಿ ವಿಜಾರ್ಡ್ ಆಫ್ ಆಜ್'ನಲ್ಲೂ ಎಲ್ಲ ಕನಸೇ. ಆದರೆ ಮನೆ ಬಿಟ್ಟು ಓಡಿದ ಹುಡುಗಿ ಆ ಕನಸಿನುದ್ದಕ್ಕೂ ಮನೆಗೆ ಹೋಗಬೇಕು ಅಂತಲೇ ಹಂಬಲಿಸುತ್ತಾಳೆ. ಎದ್ದಾಗ ಅದೇ ಮನೆ, ಅವಳು ಮಾತ್ರ ಬೇರೆ.

ಹಾಡಿನ ವಿಷಯಕ್ಕೆ ಬಂದರೆ, ಬಿದಿರು ಕೋಲು ಹಿಡಿದು ಕುಣಿಯುವ ಹಾಡು ಸಕತ್ತಾಗಿದೆ, ಆದರೆ ಕಾರಿಗೆ ದುಡ್ಡು ಸಿಕ್ಕಿದ್ದು ಬಿಟ್ಟರೆ ಕಥೆ ಅಲ್ಲೇ ನಿಂತಿರುತ್ತದೆ. ಗೊಂಬೆ ಹಾಡು ಹಾಗಲ್ಲ. ಅದು ವಲ್ಗೇರಿಯಾದ ದೊರೆಯ ಹುಟ್ಟುಹಬ್ಬದ ದಿನ. ಅಲ್ಲಿ ಸೆರೆಸಿಕ್ಕ ಮಕ್ಕಳನ್ನು ಬಿಡಿಸಲು ಟ್ರೂಲಿ ವೇಷ ಹಾಕಿ, ಕೀಲುಗೊಂಬೆಯಂತೆ ತಿರುಗುತ್ತಾ ಹಾಡುತ್ತಾಳೆ. ಪಾಟ್ಸ್ ಕೂಡ ಗೊಂಬೆಯಾಗಿ ಬರುತ್ತಾನೆ, ದಂಡೆಯಲ್ಲಿ ಮಕ್ಕಳು ಅವಳ ಮೇಲೆ ಹಾಡಿದ್ದ ಹಾಡನ್ನೇ ಎತ್ತಿಕೊಳ್ಳುತ್ತಾನೆ. ಎರಡೂ ಧಾಟಿ ಒಂದರೊಳಗೊಂದು ಸೇರುತ್ತವೆ. ದೊರೆಗೆ ಗೊತ್ತಾಗಬಾರದು, ಅವಳಿಗೆ ಗೊತ್ತಾಗಬೇಕು. ಅಷ್ಟು ಹೊತ್ತು ಸೋಫಾದ ಮೇಲೆ ಹೊರಳಾಡುತ್ತಿದ್ದ ತಂಗಿ ಮಗಳು ಈ ಹಾಡಿಗೆ ಎದ್ದು ಟಿವಿ ಹತ್ತಿರ ಹೋಗಿ ಕೂತಳು.